ಕೊನೆಗೆ ಮಾತು ಉಳಿದೋನು

ಕಬಡ್ಡಿ ಲೀಗಲ್ಲಿ ತಂಡ ಹೊರಬಿತ್ತು ಅಂದ್ರೆ ಅದರ ಅಭಿಮಾನಿಗಳ ಮಾತೂ ಬಂದ್, ಮುಂದಿನ ಸೀಸನ್‌ವರೆಗೆ. ಆಗಸ್ಟಲ್ಲಿ ಗಲಗಲ ಅಂತಿದ್ದ ತಿಪಟೂರಿನ ಬೇಕರಿ ನವೆಂಬರಿಗೆ ಗಪ್‌ಚುಪ್. ಬನ್‌ಗೂ ಬೆರಳು, ಬೆಣ್ಣೆಗೂ ಬೆರಳು ತೋರಿಸ್ಬೇಕು. ಮಿಕ್ಕೋರೆಲ್ಲ ಹಿಡಿದಿದ್ದ ದೊಡ್ಡ ಊರಿನ ತಂಡಗಳು ಆಗ್ಲೇ ಔಟ್; ಅಲ್ಲಿ ಮಾತು ಉಳಿದಿದ್ದು ಇಬ್ಬರಿಗೇ: ತಿಪಟೂರು ತಂಡದ ಅಭಿಮಾನಿ ಗಂಗಬೈರಪ್ಪನಿಗೆ, ಅರಸೀಕೆರೆ ತಂಡದ ಕಡೆಯ ರಿಟೈರ್ಡ್ ಬಸ್ ಕಂಡಕ್ಟರ್ ಜಯಶೀಲಮ್ಮನಿಗೆ. ಎರಡೂ ತಂಡ ಕುಂಟ್ತಾ ಬಂದಿದ್ವು. ಪ್ಲೇಆಫಿಗೆ ಉಳಿದಿದ್ದು ಒಂದೇ ಜಾಗ, ಇವತ್ತು ಇವೆರಡರ ಮಧ್ಯೆನೇ ಪಂದ್ಯ.

"ನಿಮ್ಮ ರೈಡರ್ ಗೆರೆ ದಾಟೋಕೆ ಪಂಚಾಂಗ ನೋಡ್ತಾನಲ್ರೀ," ಅಂದ ಗಂಗಬೈರಪ್ಪ, ಬೇಕರಿ ಟೀವಿ ನೋಡ್ತಾ.

"ನಿಮ್ಮೋನು ದಾಟ್ತಾನೆ ಬೈರಪ್ಪೋರೆ, ವಾಪಸ್ ಬರೋ ದಾರಿ ಗೊತ್ತಿಲ್ಲ ಅಷ್ಟೇ," ಅಂದರು ಜಯಶೀಲಮ್ಮ.

ಹೆಂಡತಿ ತೀರಿಕೊಂಡ ಮೇಲೆ ಗಂಗಬೈರಪ್ಪನ ಜೊತೆ ಇಷ್ಟು ಚೆನ್ನಾಗಿ ಜಗಳ ಆಡಿದವರು ಬೇರೆ ಯಾರೂ ಇರಲಿಲ್ಲ. ಕೊನೇ ನಿಮಿಷದಲ್ಲಿ ಸ್ಕೋರ್ ಸಮ. ಅರಸೀಕೆರೆ ರೈಡರ್ ಒಳಗೆ ನುಗ್ಗಿದ. ತಾನು ಸೋತರೆ ಈಯಮ್ಮನ ಮಾತನ್ನಾದರೂ ದಿನಾ ಕೇಳಬಹುದು ಅನ್ನಿಸಿ, "ಬಿಡ್ರೋ ಅವನ್ನ," ಅಂತ ಗಂಗಬೈರಪ್ಪ ತನ್ನವರಿಗೇ ಗೊಣಗಿದ.

ಅವರು ಹಿಡಿದುಬಿಟ್ಟರು. ತಿಪಟೂರು ಒಂದು ಪಾಯಿಂಟಲ್ಲಿ ಗೆದ್ದಿತು. ಜಯಶೀಲಮ್ಮ ಏನೋ ಹೇಳೋಕೆ ಬಾಯಿ ತೆರೆದು, ಇನ್ನು ತನ್ನ ಮಾತೂ ಬಂದ್ ಅಂತ ನೆನಪಾಗಿ, ಮುಚ್ಚಿಕೊಂಡರು.

ಬೇಕರಿಯಲ್ಲಿ ಟೀವಿ ಸದ್ದು ಒಂದೇ. ಗೆದ್ದವನು ಅವರ ಕಡೆ ತಿರುಗಿ, "ನಮ್ಮ ಕ್ಯಾಪ್ಟನ್ ಹಿಡಿದಿದ್ದು ಕಾಲಲ್ಲ, ಚಡ್ಡಿ," ಅಂದ.

ಜಯಶೀಲಮ್ಮ ತಲೆ ಅಲ್ಲಾಡಿಸಿದರು. ಅವರು ಬೈದಿದ್ದರೆ ಗೆಲುವು ಇಷ್ಟು ಸಪ್ಪೆ ಇರ್ತಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, ಅವರ ಪರವಾಗಿ ತಾನೇ ತನ್ನ ತಂಡವನ್ನ ಇನ್ನೊಂದು ಸಲ ಬೈಯೋಕೆ ಶುರುಮಾಡಿದ.