ಎದುರುಮನೆಯ ತಟ್ಟೆ

ಏಲಕ್ಕಿ ಹಾಕಿದ ಖರ್ಜೂರದ ಬಿಸ್ಕತ್ತಿನ ವಾಸನೆ ಬಂದರೆ ಈಗಲೂ ನನ್ನ ಕಿವಿ ಲಿಫ್ಟಿನ ಸದ್ದು ಹುಡುಕುತ್ತದೆ.

ಅಬುಧಾಬಿಯಲ್ಲಿ ನಮ್ಮೆದುರಿನ ಫ್ಲ್ಯಾಟಿನ ಇರಾಕಿ ಆಂಟಿ ಅಂಥ ಬಿಸ್ಕತ್ತನ್ನು ತಟ್ಟೆ ತುಂಬ ಕಳಿಸಿದ್ದರು. ತಟ್ಟೆ ನಮ್ಮಲ್ಲಿರುವಾಗಲೇ ಅವರ ದೇಶದ ಸೈನ್ಯ ಕುವೈತಿಗೆ ನುಗ್ಗಿತು.

“ಎಣ್ಣೆಬಾವಿಯ ಜಗಳ. ಇನ್ನು ಎಲ್ಲಿವರೆಗೆ ಹಬ್ಬುತ್ತದೋ ಏನೋ. ನೀನು ಆ ಮನೆಗೆ ಹೋಗ್ಬೇಡ ಮಾರಾಯ್ತಿ,” ಎಂದು ಅಪ್ಪ ರೇಡಿಯೋ ಬಿಟ್ಟೇಳದೆ ಅಮ್ಮನಿಗೆ ಹೇಳಿದ.

“ಹಾಗಂತ ಅವರ ಪ್ಲೇಟ್ ಇಟ್ಕೊಳ್ಳುದಾ? ಬರಿ ಪ್ಲೇಟ್ ಕೊಡ್ಲಿಕ್ಕಾಗ್ತದಾ?”

ಆ ಮಧ್ಯಾಹ್ನ ಅಮ್ಮ ಗೋಳಿಬಜೆ ಕರಿದು, ತಟ್ಟೆ ತುಂಬಿ, ನನ್ನನ್ನೂ ಕರೆದುಕೊಂಡು ಹೋಗಿ ಬೆಲ್ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಹೊರಗೆ ಸದಾ ಬಿದ್ದಿರುತ್ತಿದ್ದ ಮಕ್ಕಳ ಚಪ್ಪಲಿಗಳೂ ಇರಲಿಲ್ಲ.

ಮನೆಗೆ ಮರಳಿದ ಮೇಲೆ ನಾನು ಒಂದೇ ಒಂದು ಗೋಳಿಬಜೆ ಕೇಳಿದರೂ ಅಮ್ಮ ಕೊಡಲಿಲ್ಲ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತ ಸದ್ದಾದಾಗಲೆಲ್ಲ ಅವನ್ನು ಬಿಸಿಯಾಗಲೆಂದು ಮತ್ತೆ ಎಣ್ಣೆಗೆ ಬಿಡುತ್ತಿದ್ದಳು.