ರಾಜನ ಬಾಯಲ್ಲಿ ನಮ್ಮ ಮಾತು

ಹೊಸ ಕೈಮಗ್ಗದ ಸೀರೆ ಬಿಡಿಸಿದಾಗ ಬರುವ ಗಂಜಿಯ ವಾಸನೆಗೆ ಇಂದಿಗೂ ನನಗೆ ತಮಿಳುನಾಡಿನ ಅನ್ನೂರಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪ ಮಗ್ಗದಲ್ಲಿ ಕೂತಿದ್ದರು. ಅವರ ತಂಗಿ, ನನ್ನ ಅತ್ತೆ, ರಾಟೆಯ ಮುಂದೆ ನೂಲು ಸುತ್ತುತ್ತಿದ್ದರು. ಗಂಡ ತವರಿಗೆ ತಂದು ಬಿಟ್ಟುಹೋದ ಮೇಲೆ ಅತ್ತೆಗೆ ಉಳಿದಿದ್ದ ಸುಖ ಒಂದೇ. ತಮಿಳು ವಾರಪತ್ರಿಕೆಯಲ್ಲಿ ಬಂದ ರಾಜಮನೆತನದ ಕಥೆಯನ್ನು ಕತ್ತರಿಸಿ, ಮಗ್ಗದ ನೂಲಿನಿಂದ ಹೊಲಿದು, ಬೆನ್ನಿಗೆ ಗಂಜಿ ಹಚ್ಚಿ ಪುಸ್ತಕ ಮಾಡಿಟ್ಟಿದ್ದರು. ಅವರಿಗೆ ಓದಲು ಬಾರದು. ತಮಿಳು ಶಾಲೆಗೆ ಹೋಗುತ್ತಿದ್ದ ನಾನು ಓದಬೇಕು.

ತಾನೇ ದೂರ ಮಾಡಿದ್ದ ರಾಣಿಯನ್ನು ಕರೆದೊಯ್ಯಲು ಬಂದು ರಾಜ ಕುದುರೆಯಿಂದ ಇಳಿಯುವ ಪುಟ ಬಂತು. ಅವನ ತಮಿಳು ಬಹಳ ದೊಡ್ಡದಾಗಿತ್ತು, ಅರ್ಧ ನನಗೇ ತಿಳಿಯಲಿಲ್ಲ.

"ತಮಿಳಲ್ಲಿ ಬೇಡ ಕಣ್ಣು," ಅಂದರು ಅತ್ತೆ. ಮುದ್ದಿಗೆ ನನ್ನನ್ನು 'ಕಣ್ಣು' ಅಂತಲೇ ಕರೆಯುತ್ತಿದ್ದರು. "ನಮ್ಮ ಮಾತಲ್ಲಿ ಹೇಳು."

"ಬಾ, ಮನೆಗೆ ಹೋಗಾಣ," ಅಂದೆ, ನಮ್ಮ ಮನೆಯ ಕನ್ನಡದಲ್ಲಿ.

ರಾಟೆ ನಿಂತಿತು. "ಇನ್ನೊಂದ್ಸಲ."

"ಬಾ, ಮನೆಗೆ ಹೋಗಾಣ."

ಅಪ್ಪನ ಮಗ್ಗವೂ ನಿಂತಿತು. "ಸಾಕು ಬಿಡಮ್ಮ," ಅಂದರು ಅವರು, ನೇಯ್ಗೆಯಿಂದ ಕಣ್ಣೆತ್ತದೆ. "ಕಥೇಲಿ ಎಲ್ಲಾರೂ ಬರ್ತಾರೆ."

"ಅದಕ್ಕೇ ಅಣ್ಣಾ ಕೇಳಾದು."

ಹೊರಗೆ ಟೌನ್ ಬಸ್ಸು ಬಂದು ನಿಂತ ಸದ್ದಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಡೆ ನೋಡಿದರು. ಅಪ್ಪನೂ ನೋಡಿದರು. ಬಸ್ಸು ಹೊರಟುಹೋಯಿತು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಅಪ್ಪ ಮತ್ತೆ ಲಾಳಿ ಎಸೆದರು. ಅತ್ತೆ ರಾಟೆಗೆ ಕೈ ಹಾಕಲಿಲ್ಲ.

"ರಾಜನ್ನ ತಿರುಗಿ ಕುದ್ರೆ ಹತ್ಸು ಕಣ್ಣು," ಅಂದರು. "ಇನ್ನೊಂದ್ಸಲ ಇಳೀಲಿ."