ಬುತ್ತಿ ಬಟ್ಟೆಯ ಗಂಟು

ಮಷೀನಿಗೆ ಗ್ರೀಸ್ ಹಚ್ಚಿದ ದಿನ ಇವತ್ತಿಗೂ ನಾನು ರೊಟ್ಟಿ ಮುಟ್ಟುವುದಿಲ್ಲ. ಉತ್ತರದ ಕಡೆಯ ನಮ್ಮ ಜಾಲಹಳ್ಳಿ ಹತ್ತಿರದ ಕಲ್ಲುಗಣಿಯಲ್ಲಿ ಅಪ್ಪ ಮನೆಯಷ್ಟೆತ್ತರದ ಅಗೆಯುವ ಮಷೀನು ನಡೆಸುತ್ತಿದ್ದ. ನಾನು ಬುತ್ತಿ ಒಯ್ದ ಒಂದು ಮಧ್ಯಾಹ್ನ ಗಣಿ ನಮ್ಮ ರುದ್ರಭೂಮಿಯವರೆಗೂ ಬಂದುಬಿಟ್ಟಿತ್ತು. ಮಷೀನಿನ ಬಕೆಟ್ ಮೇಲೆದ್ದಾಗ ಮಣ್ಣಿನ ಜೊತೆ ಹೂಳುವಾಗ ಇಟ್ಟಿದ್ದ ವಿಭೂತಿ ಗಟ್ಟಿ, ಎಲುಬು ಬಂದವು. ಅಪ್ಪ ಮಷೀನು ನಿಲ್ಲಿಸಿದ.

"ಸಾವ್ಕಾರ್ರ, ನಮ್ಮವ್ವನ್ನ ಮಣ್ಣು ಮಾಡಿದ್ದು ಇಲ್ಲೇರಿ."

ಅಲ್ಲೇ ನಿಂತಿದ್ದ ಗಣಿ ಮಾಲೀಕ ಆ ಮಣ್ಣಿನ ಮೇಲೆಯೇ ಗುಟ್ಕಾ ಉಗುಳಿದ. "ಮಣ್ಣು ಮಾಡಿದ ಮ್ಯಾಲ ಮಣ್ಣೇ ಅಲ್ಲೇನಲೇ? ಟಿಪ್ಪರಿಗೆ ಹಾಕು, ಇಲ್ಲಂದ್ರ ಕೆಲಸ ಬಿಟ್ಟು ನಡಿ."

ಅಪ್ಪ ಇಳಿದು ಬಂದ. ರೊಟ್ಟಿ ತೆಗೆದು ಕಲ್ಲಿನ ಮೇಲಿಟ್ಟು, ಗ್ರೀಸು ಮೆತ್ತಿದ ಕೈಯಿಂದಲೇ ಎಲುಬುಗಳನ್ನು ಬುತ್ತಿ ಬಟ್ಟೆಯಲ್ಲಿ ಕಟ್ಟಿದ.

"ತಮ್ಮಾ, ಮನಿಗೆ ಒಯ್ಯಿ."

ಮತ್ತೆ ಮೇಲೆ ಹತ್ತಿ ಕುಳಿತ. ಆ ಕುಣಿಯ ಪಕ್ಕದಲ್ಲಿ ನಮ್ಮ ಓಣಿಯಲ್ಲಿ ಸತ್ತವರನ್ನೆಲ್ಲ ಹೂಳಿದ್ದರು. ಬಕೆಟ್ ಅತ್ತ ತಿರುಗಿತು.